ಮೈಸೂರು ಇನ್ಲೇ ಶೈಲೀಲಿ ಪುಟ್ಟ ಗಣಪತಿ: ಮರ ಆರಿಸೋದ್ರಿಂದ ಕಣ್ಣು ಬರೆಯೋವರೆಗೂ

ಮರದೊಳಗೆ ಮರ ಕೂರಿಸಿ ಮಾಡೋ ಇನ್ಲೇ ಚಿತ್ರ ನೋಡಿದವರು ಕೇಳೋದು ಯಾವಾಗ್ಲೂ ಎರಡೇ ಪ್ರಶ್ನೆ. ಇದನ್ನ ಮನೇಲಿ ಮಾಡೋಕಾಗತ್ತಾ, ಮತ್ತೆ ಆ ಬಣ್ಣ ಯಾವ್ದು ಹಚ್ತಾರೆ ಅಂತ. ಎರಡನೇದಕ್ಕೆ ಮೊದ್ಲು ಉತ್ತರ ಹೇಳ್ಬಿಡ್ತೀನಿ, ಬಣ್ಣ ಹಚ್ಚೋದೇ ಇಲ್ಲ. ಹಳದಿ ಪೀತಾಂಬರ ಕಂಡ್ರೆ ಅದು ಹಲಸಿನ ಮರ, ಕಪ್ಪು ಜಡೆ ಕಂಡ್ರೆ ಅದು ಕರಿಮರ (ಎಬೊನಿ), ಹಿನ್ನೆಲೆಯ ಆ ನೇರಳೆ ಮಿಶ್ರಿತ ಕಂದು ಬೀಟೆ (ರೋಸ್‌ವುಡ್). ಮರದ್ದೇ ಬಣ್ಣ, ಮರದ್ದೇ ಎಳೆ. ಹಾಗಾಗಿ ಮೊದಲ್ನೇ ಪ್ರಶ್ನೆಗೆ ಉತ್ತರ ಏನಂದ್ರೆ, ಆಗತ್ತೆ, ಆದ್ರೆ ಉಳಿ ಹಿಡಿಯೋಕೆ ಮುಂಚೆ ಕೂತು ಯೋಚ್ನೆ ಮಾಡೋ ತಾಳ್ಮೆ ಇದ್ರೆ ಮಾತ್ರ. ಅಂಟು ಹಾಕೋಕೆ ಮುಂಚೇನೇ ಕೆಲ್ಸ ಕೆಡೋದೂ ಉಂಟು.

ಇನ್ಲೇ ಅಂದ್ರೆ ಏನು ಅಂತ ಒಂದ್ಸಲ ಸರಿಯಾಗಿ ತಿಳ್ಕೊಳ್ಳಿ. ಒಂದು ಗಟ್ಟಿ ಹಲಗೇಲಿ ಗುಳಿ ತೋಡಿ, ಅದೇ ಆಕಾರಕ್ಕೆ ಕೊಯ್ದ ಬೇರೆ ಮರದ ತುಂಡನ್ನ ಅದರೊಳಗೆ ಕೂರಿಸಿ ಮೇಲ್ಮೈ ಸಮ ಮಾಡೋದು. ತೆಳು ಹಾಳೆಗಳನ್ನ ಪಕ್ಕಪಕ್ಕ ಜೋಡ್ಸಿ ಪ್ಲೈವುಡ್ ಮೇಲೆ ಅಂಟಿಸೋದು ಬೇರೆ, ಅದನ್ನ ಮಾರ್ಕೆಟ್ರಿ ಅಂತಾರೆ. ವಿಡಿಯೋಗಳಲ್ಲಿ ಸಿಗೋದು ಹೆಚ್ಚಾಗಿ ಮಾರ್ಕೆಟ್ರಿ, ಅದನ್ನ ನೋಡ್ಕೊಂಡು ಇದನ್ನ ಮಾಡೋಕೆ ಹೋದ್ರೆ ಎಡವಟ್ಟಾಗತ್ತೆ, ಯಾಕೆ ಅಂತ ಎರಡನೇ ಹಂತದಲ್ಲಿ ಹೇಳ್ತೀನಿ.

ಮೈಸೂರಲ್ಲಿ ಈ ಕೆಲ್ಸ ಒಡೆಯರ ಆಶ್ರಯದಲ್ಲಿ ಬೆಳೀತು, ಇವತ್ತಿಗೂ ಮಂಡಿ ಮೊಹಲ್ಲಾ ಕಡೆ ಹೋದ್ರೆ ಗರಗಸದ ಸದ್ದು ಕೇಳತ್ತೆ. ಅರಮನೆಗೆ ಹೋದಾಗ ಅಂಬಾವಿಲಾಸದ ಹತ್ರ ಬೀಟೆ ಮರಕ್ಕೆ ಆನೆದಂತ ಕೂರಿಸಿರೋ ಬಾಗಿಲನ್ನ ನಿಂತು ನೋಡಿ, ಅದು ತೆರೆಯೋದು ಗಣಪತಿ ಗುಡಿಗೆ. ಆಗ ಬಿಳಿ ಅಂದ್ರೆ ದಂತ. 1972ರ ವನ್ಯಜೀವಿ ಕಾಯ್ದೆಗೆ 1986ರಲ್ಲಿ ತಿದ್ದುಪಡಿ ಬಂದು ನಮ್ಮ ಆನೆದಂತದ ವ್ಯಾಪಾರ ನಿಂತೋಯ್ತು, 1991ರ ತಿದ್ದುಪಡೀಲಿ ಆಫ್ರಿಕಾದ್ದೂ ನಿಂತೋಯ್ತು. ಈಗ ಬಿಳಿಗೆ ಬಿಳಿ ಮರ ಅಥವಾ ಅಕ್ರಿಲಿಕ್. ಯಾರಾದ್ರೂ ಹಳೇ ದಂತದ ಚೂರು ಇದೆ ತಗೊಳ್ಳಿ ಅಂದ್ರೆ ಕೈ ಮುಗಿದು ಬಂದ್ಬಿಡಿ. ಮೈಸೂರು ಬೀಟೆ ಇನ್ಲೇಗೆ ಈಗ ಜಿಐ ಟ್ಯಾಗ್ ಇದೆ, ಅಂದ್ರೆ ಇಂಥ ಊರಿನದ್ದೇ ಕಸುಬು ಅನ್ನೋ ಕಾನೂನಿನ ಗುರುತು. ಹಾಗಾಗಿ ನಾವು ಮನೇಲಿ ಮಾಡಿದ್ದನ್ನ ಆ ಹೆಸ್ರಲ್ಲಿ ಮಾರೋಕೆ ಹೋಗ್ಬೇಡಿ, ಕಲಿಯೋಕೆ ಮಾಡೋಣ.

ಏನೇನು ಬೇಕು

ಹಲಗೆ: 8 ಇಂಚು ಅಗಲ 10 ಇಂಚು ಎತ್ತರ, 12 ಮಿಲಿಮೀಟರ್ ದಪ್ಪ. ಬೀಟೆ ಸಿಕ್ರೆ ರಾಜಯೋಗ, ಆದ್ರೆ ಮೊದಲ್ನೇ ಸಲಕ್ಕೆ ಹಳೇ ಕಿಟಕಿ ಬಾಗಿಲಿನ ತೇಗ ಸಾಕು, ವರ್ಷಗಟ್ಲೆ ಒಣಗಿರತ್ತೆ, ಬಾಗಲ್ಲ. ಹೊಸ ಹಲಗೆ ಆದ್ರೆ ಚೆನ್ನಾಗಿ ಒಣಗಿದೆಯಾ ನೋಡಿ. ಹಸಿ ಮರದ ಮೇಲೆ ಎಷ್ಟು ಚೆನ್ನಾಗಿ ಕೂರಿಸಿದ್ರೂ ಬೇಸಿಗೇಲಿ ಸಂದು ಬಾಯಿ ಬಿಡತ್ತೆ.

ತುಂಡುಗಳಿಗೆ: 3 ಮಿಲಿಮೀಟರ್ ದಪ್ಪಕ್ಕೆ ಸೀಳಿಸಿರೋ ಪಟ್ಟಿಗಳು. ಬಿಳಿಗೆ ಹಾಲೆ ಮರ (ಚನ್ನಪಟ್ಟಣದ ಗೊಂಬೆ ಮಾಡ್ತಾರಲ್ಲ, ಅದೇ), ಹಳದಿಗೆ ಹಲಸು, ಕೆಂಪಿಗೆ ಪಡೌಕ್, ಕಪ್ಪಿಗೆ ಕರಿಮರ, ತಿಳಿ ಕಂದಿಗೆ ಮಾವು ಅಥವಾ ಬೇವು. ಮರ ಕೊಯ್ಯೋ ಮಿಲ್ಲಲ್ಲಿ, ಫರ್ನಿಚರ್ ವರ್ಕ್‌ಶಾಪಲ್ಲಿ ಉಳಿದ ಚೂರು ಕೇಳಿ, ಅಂಗೈ ಅಗಲದ್ದು ಸಿಕ್ರೂ ನಮಗೆ ಧಾರಾಳ.

ಇಲ್ಲಿ ಎರಡು ಎಚ್ಚರಿಕೆ. ಬೀಟೆ ಮರ ಕಡಿಯೋದಕ್ಕೆ, ಸಾಗಿಸೋದಕ್ಕೆ ಅರಣ್ಯ ಇಲಾಖೆ ಅನುಮತಿ ಬೇಕು, ನಮ್ಮ ತೋಟದ ಮರನೇ ಆದ್ರೂ, ಅದಕ್ಕೇ ಬಿಲ್ ಇಲ್ದೆ ತಗೋಬೇಡಿ. ಮತ್ತೆ "ಕೆಂಪು ಮರ ಕೊಡಿ" ಅಂತ ಕೇಳಿದ್ರೆ ಕೆಲವರು ರಕ್ತಚಂದನ ತೆಗೆದು ತೋರಿಸ್ತಾರೆ, ಅದರ ಸಹವಾಸ ಖಂಡಿತ ಬೇಡ, ಪಡೌಕ್ ಅಂತ ಹೆಸ್ರು ಹೇಳೇ ಕೇಳಿ.

ಸಾಮಾನು: ಫ್ರೆಟ್ ಸಾ (ಬಿಲ್ಲಿನ ಥರ ಬಾಗಿರೋ ಕಬ್ಬಿಣದ ಚೌಕಟ್ಟಿಗೆ ದಾರದಷ್ಟು ಸಣ್ಣ ಬ್ಲೇಡ್ ಕಟ್ಟಿರೋ ಗರಗಸ), ಒಂದು ಡಜನ್ ಎಕ್ಸ್‌ಟ್ರಾ ಬ್ಲೇಡ್, 3, 6, 12 ಮಿಲಿಮೀಟರ್ ಉಳಿಗಳು, ಚೂಪಾದ ಕಟ್ಟರ್ ಚಾಕು, ಫೆವಿಕಾಲ್ ಥರದ ಬಿಳಿ ಅಂಟು, ಕ್ಲಾಂಪ್ ಇಲ್ಲಾಂದ್ರೆ ಭಾರ ಇಡೋಕೆ ಎರಡು ಇಟ್ಟಿಗೆ, ಸ್ಯಾಂಡ್ ಪೇಪರ್ ಅಂದ್ರೆ ಬಡಗಿಗಳು ಉಪ್ಪುಕಾಗದ ಅಂತಾರಲ್ಲ ಅದು 120, 220, 400 ನಂಬರಿನದ್ದು, ಪಾಲಿಶ್‌ಗೆ ಅರಗಿನ ಚಕ್ಕೆ (ಶೆಲ್ಯಾಕ್), ಅದನ್ನ ಕರಗಿಸೋಕೆ ಸ್ಪಿರಿಟ್. ಮಾಸ್ಕ್ ಮರೀಬೇಡಿ. ಬೀಟೆ, ಪಡೌಕ್ ಧೂಳು ಕೆಲವರಿಗೆ ಸೀನು, ತುರಿಕೆ ಎಲ್ಲಾ ತರ್ಸತ್ತೆ.

ಹಂತ 1: ಚಿತ್ರ

ಗಣಪತಿನೇ ಯಾಕೆ ಅಂದ್ರೆ ಶಾಸ್ತ್ರಕ್ಕೂ ಆಯ್ತು, ಅನುಕೂಲಕ್ಕೂ ಆಯ್ತು. ಶಿಲ್ಪಶಾಸ್ತ್ರದಲ್ಲಿ ಗಣಪತಿ ಪಂಚತಾಳದ ಮೂರ್ತಿ. ತಾಳ ಅಂದ್ರೆ ಮುಖದ ಉದ್ದದ ಅಳತೆ, ಒಟ್ಟು ಎತ್ತರ ಅಂಥ ಐದು. ಅಂದ್ರೆ ದೊಡ್ಡ ತಲೆ, ದೊಡ್ಡ ಹೊಟ್ಟೆ, ಗಿಡ್ಡ ಕಾಲು, ಎಲ್ಲಾ ದುಂಡು ದುಂಡು, ಗರಗಸಕ್ಕೆ ಸುಲಭ. ಕೃಷ್ಣನ ಬೆರಳು, ಸರಸ್ವತಿ ವೀಣೆ ತಂತಿ ಇವೆಲ್ಲ ಮೊದಲ್ನೇ ಸಲಕ್ಕೆ ಕೈ ಹಾಕೋ ವಿಷಯ ಅಲ್ಲ. ಗೀತೋಪದೇಶ ಮಾಡ್ತೀನಿ ಅಂತ ಶುರು ಮಾಡಿ ಒಂದು ಕುದುರೆಗೇ ನಿಲ್ಲಿಸಿದವರು ಬೇಕಾದಷ್ಟು ಜನ ಇದಾರೆ, ನಾನೂ ಸೇರಿ.

ಚಿತ್ರನ ತುಂಡುಗಳಾಗಿ ಒಡೀರಿ. ಕಿರೀಟ, ಮುಖ ಮತ್ತೆ ಸೊಂಡಿಲು ಸೇರಿ ಒಂದು, ಎರಡು ಕಿವಿ, ದಂತ, ಎದೆಹೊಟ್ಟೆ, ನಾಲ್ಕು ಕೈ, ಶಲ್ಯ, ಪಂಚೆ, ಪಾದ, ಮೋದಕ, ಇಲಿ. ಹದಿನಾಲ್ಕು ಹದಿನೈದರೊಳಗೆ ಮುಗಿಸಿ. ಉಗುರಿಗಿಂತ ಸಣ್ಣ ತುಂಡು ಯಾವ್ದಾದ್ರೂ ಇದ್ರೆ ಅದನ್ನ ತುಂಡಾಗಿ ಮಾಡ್ಬೇಡಿ, ಆಮೇಲೆ ಗೀರು ಎಳೆದು ತೋರಿಸಬಹುದು. ಏಕದಂತ ಅನ್ನೋದು ಮರೀಬೇಡಿ, ಒಂದು ದಂತ ಮುರಿದಿರ್ಬೇಕು, ಎರಡೂ ಪೂರ್ತಿ ಇಟ್ರೆ ಮನೆಗೆ ಬಂದ ಮೊದಲ್ನೇ ಅಜ್ಜಿನೇ ಕಂಡು ಹಿಡೀತಾರೆ.

ಪ್ರತಿ ತುಂಡಿಗೂ ನಂಬರ್ ಹಾಕಿ, ಯಾವ ಮರ ಅಂತ ಬರೀರಿ, ಮರದ ಎಳೆ ಯಾವ ದಿಕ್ಕಿಗೆ ಓಡ್ಬೇಕು ಅಂತ ಒಂದು ಬಾಣ ಹಾಕಿ. ಈ ಬಾಣ ಬಹಳ ಮುಖ್ಯ. ಸೊಂಡಿಲಲ್ಲಿ ಎಳೆ ಉದ್ದಕ್ಕೆ ಓಡಿದ್ರೆ ಜೀವ ಬರತ್ತೆ, ಅಡ್ಡ ಓಡಿದ್ರೆ ನೋಡೋಕೂ ಚೆನ್ನಾಗಿರಲ್ಲ, ಕೊಯ್ಯುವಾಗ ಲಟ್ ಅಂತ ಮುರಿಯತ್ತೆ. ದೊಡ್ಡ ತುಂಡುಗಳಿಗೆ ಮಾತ್ರ ಆದಷ್ಟು ಹಲಗೆಯ ಎಳೆ ದಿಕ್ಕಲ್ಲೇ ಇಡಿ, ಮರ ಹಿಗ್ಗೋದು ಕುಗ್ಗೋದು ಎಳೆಗೆ ಅಡ್ಡಡ್ಡ, ಎರಡೂ ಒಂದೇ ಕಡೆ ಹಿಗ್ಗಿದ್ರೆ ಜಗಳ ಇರಲ್ಲ.

ಚಿತ್ರದ ನಾಲ್ಕು ಕಾಪಿ ಜೆರಾಕ್ಸ್ ಮಾಡಿಸ್ಕೊಳ್ಳಿ, ಕತ್ತರಿಸೋಕೆ ಎರಡು, ನೋಡ್ಕೊಳ್ಳೋಕೆ ಒಂದು, ತಪ್ಪಿದ್ರೆ ಒಂದು.

ಹಂತ 2: ಎಡಮುರಿನಾ ಬಲಮುರಿನಾ

ಇದಕ್ಕೆ ಬೇರೆ ಹಂತ ಬೇಕಾ ಅನ್ನಿಸ್ಬಹುದು, ಬೇಕು. ಸೊಂಡಿಲು ಗಣಪತಿಯ ಎಡಕ್ಕೆ ತಿರುಗಿದ್ರೆ ಎಡಮುರಿ, ಬಲಕ್ಕೆ ತಿರುಗಿದ್ರೆ ಬಲಮುರಿ. ಬಲಮುರಿಗೆ ನೇಮ ನಿಷ್ಠೆ ಜಾಸ್ತಿ ಅಂತ ಮನೇಲಿ ಇಡೋಕೆ ಹಿಂದೆಮುಂದೆ ನೋಡೋರು ತುಂಬಾ ಜನ. ನಾವು ಎಡಮುರಿ ಅಂತ ಬರೆದು ಕೊನೆಗೆ ಬಲಮುರಿ ಆಗಿಬಿಡೋದು ಹೇಗೆ ಅಂದ್ರೆ, ಪ್ರಿಂಟ್ ತೆಗೆಯುವಾಗ ಫೋನಲ್ಲಿ ಚಿತ್ರ ಉಲ್ಟಾ ಆಗಿರತ್ತೆ, ಅಥವಾ ಮಾರ್ಕೆಟ್ರಿ ವಿಡಿಯೋದಲ್ಲಿ ತೋರಿಸೋ ಹಾಗೆ ಹಿಂಭಾಗಕ್ಕೆ ಕಾಗದ ಅಂಟಿಸಿ ಕೊಯ್ದಿರ್ತೀವಿ. ಆ ಪದ್ಧತೀಲಿ ಹಿಂದಿನಿಂದ ಜೋಡಿಸೋದೂ ಉಂಟು, ಅಲ್ಲಿ ಕನ್ನಡಿ ಬಿಂಬನೇ ಬೇಕಾಗತ್ತೆ. ನಮ್ಮದರಲ್ಲಿ ಎಲ್ಲಾ ಮುಂದಿನಿಂದನೇ, ಕಾಗದ ಯಾವಾಗ್ಲೂ ತುಂಡಿನ ಮೇಲ್ಮುಖಕ್ಕೆ ಅಂಟಿಸ್ಬೇಕು.

ಗಣಪತಿಗಾದ್ರೆ ಸೊಂಡಿಲು ಮಾತ್ರ. ಮುಂದೆ ವಿಷ್ಣು ಮಾಡ್ತೀನಿ ಅನ್ನೋರಿಗೆ ಇನ್ನೂ ಕಷ್ಟ ಇದೆ. ನಾಲ್ಕು ಕೈಯಲ್ಲಿ ಶಂಖ, ಚಕ್ರ, ಗದೆ, ಪದ್ಮ ಇರೋ ಕ್ರಮ ಬದಲಾದ ಹಾಗೆ ಕೇಶವ, ನಾರಾಯಣ, ಮಾಧವ ಅಂತ ಇಪ್ಪತ್ನಾಲ್ಕು ಹೆಸ್ರು. ಚಿತ್ರ ಮಗುಚಿದ್ರೆ ಎಡಬಲ ತಪ್ಪೋದಷ್ಟೇ ಅಲ್ಲ, ದೇವರ ಹೆಸ್ರೇ ಬೇರೆ ಆಗತ್ತೆ. ಅದಕ್ಕೇ ನಾಲ್ಕೂ ಕಾಪಿ ಮೇಲೆ "ಬಲಗೈ" ಅಂತ ಪೆನ್ನಲ್ಲಿ ಬರೆದಿಟ್ಕೊಳ್ಳಿ, ಅಕ್ಷರ ಉಲ್ಟಾ ಕಂಡ್ರೆ ಕೆಲ್ಸ ನಿಲ್ಲಿಸಿ.

ಹಂತ 3: ಯಾವ ಅಂಗಕ್ಕೆ ಯಾವ ಮರ

ಇದು ನನ್ನ ಪ್ರಕಾರ ಈ ಕಲೇಲಿ ಅತಿ ಮಜಾ ಕೊಡೋ ಭಾಗ. ಮೈಗೆ ಮಾವು ಅಥವಾ ಬೇವು, ಪಂಚೆಗೆ ಕಿರೀಟಕ್ಕೆ ಹಲಸು, ಶಲ್ಯಕ್ಕೆ ಪಡೌಕ್, ದಂತ ಮೋದಕಕ್ಕೆ ಹಾಲೆ, ಇಲಿಗೆ ನಿಮ್ಮ ಇಷ್ಟ. ಮೈಗೂ ಹಾಲೆ ಮರ ಹಾಕಿದ್ರೆ ದಂತ ಮಾಯ ಆಗೋಗತ್ತೆ, ಇದು ಎಲ್ರೂ ಮಾಡೋ ತಪ್ಪು. ಹಾಗೇ ಹಿನ್ನೆಲೆ ತೇಗ ಆದ್ರೆ ಮಾವು, ತೇಗ ಎರಡೂ ಒಂದೇ ಥರ ಕಂಡು ಗಣಪತಿ ಹಲಗೆ ಒಳಗೆ ಕರಗಿ ಹೋಗ್ತಾನೆ, ಆಗ ಮೈಗೆ ಹಾಲೆ ಹಾಕಿ ದಂತನ ಬಿಳಿ ಅಕ್ರಿಲಿಕ್‌ನಲ್ಲಿ ಮಾಡಿ ಸುತ್ತ ಒಂದು ಕಪ್ಪು ಗೀರು ಎಳೆಯೋದು ವಾಸಿ. ಬೀಟೆ ಮೇಲೆ ಈ ತಲೆನೋವಿಲ್ಲ, ಏನಿಟ್ರೂ ಎದ್ದು ಕಾಣತ್ತೆ, ಸುಮ್ನೆ ಅಲ್ಲ ಅದನ್ನ ಆರಿಸ್ಕೊಂಡಿದ್ದು.

ಪರೀಕ್ಷೆ ಮಾಡೋಕೆ ಒಂದು ಉಪಾಯ ಇದೆ. ಇನ್ನೂ ಕೊಯ್ಯದ ಪಟ್ಟಿಗಳನ್ನ ಹಲಗೆ ಮೇಲೆ ಸುಮ್ನೆ ಪಕ್ಕಪಕ್ಕ ಹರಡಿ, ಒದ್ದೆ ಬಟ್ಟೇಲಿ ಸ್ವಲ್ಪ ಒರೆಸಿ (ಪಾಲಿಶ್ ಆದ್ಮೇಲೆ ಕಾಣೋ ಬಣ್ಣ ಹೆಚ್ಚುಕಮ್ಮಿ ಅದೇ), ಫೋನಲ್ಲಿ ಕಪ್ಪುಬಿಳುಪು ಫೋಟೋ ತೆಗೀರಿ. ಅದರಲ್ಲಿ ಪಕ್ಕಪಕ್ಕ ಬರೋ ಮರಗಳು, ಹಲಗೆ ಎಲ್ಲಾ ಬೇರೆ ಬೇರೆ ಅಂತ ಗುರುತು ಸಿಕ್ರೆ ಪಾಸು.

ಬಣ್ಣ ಕಾಯಂ ಅಲ್ಲ ಅನ್ನೋದೂ ಗೊತ್ತಿರ್ಲಿ. ಪಡೌಕ್ ಹೊಸದರಲ್ಲಿ ಕಿತ್ತಳೆ ಕೆಂಪು, ಬೆಳಕು ಬಿದ್ದ ಹಾಗೆ ಕಂದಾಗತ್ತೆ. ಹಲಸಿನ ನಿಂಬೆ ಹಳದಿ ವರ್ಷ ಕಳೆದ ಹಾಗೆ ಜೇನಿನ ಬಣ್ಣಕ್ಕೆ ತಿರುಗತ್ತೆ. ಕೆಲವರಿಗೆ ಬೇಜಾರು, ನನಗಂತೂ ಹಳೇದಾದ ಮೇಲೇನೇ ಚಂದ.

ಹಂತ 4: ಕೊಯ್ಯೋದು

ಬ್ಲೇಡಿನ ಹಲ್ಲು ಕೆಳಮುಖ ಇರ್ಬೇಕು, ಎಳೆದಾಗ ಕೊಯ್ಯತ್ತೆ. ಮೇಜಿನ ಅಂಚಿಗೆ ವಿ ಆಕಾರದ ಕಚ್ಚು ಇರೋ ಹಲಗೆ ಬಿಗಿದು, ಕಚ್ಚಿನ ಮೇಲೆ ತುಂಡು ಇಟ್ಟು, ಗರಗಸನ ನೇರ ಮೇಲೆ ಕೆಳಗೆ ಆಡಿಸ್ತಾ ತುಂಡನ್ನ ತಿರುಗಿಸ್ಬೇಕು, ಗರಗಸನ ತಿರುಗಿಸೋಕೆ ಹೋದ್ರೆ ಬ್ಲೇಡ್ ಮುರಿಯತ್ತೆ. ಮುರಿಯತ್ತೆ ಬಿಡಿ ಹೇಗಿದ್ರೂ, ಮೊದಲ ದಿನ ಐದಾರು ಮುರಿದ್ರೆ ಗಾಬರಿ ಬೇಡ. ಗೆರೆ ಮೇಲಲ್ಲ, ಗೆರೆ ಹೊರಗೆ ಕೊಯ್ರಿ, ಆಮೇಲೆ ಸಣ್ಣ ಅರದಲ್ಲಿ ಗೆರೆಗೆ ತನ್ನಿ. ಅಂಚನ್ನ ಒಂದು ಕೂದಲೆಳೆಯಷ್ಟು ಒಳಕ್ಕೆ ಓರೆ ಮಾಡಿದ್ರೆ, ಅಂದ್ರೆ ತಳ ಸ್ವಲ್ಪ ಚಿಕ್ಕ, ಮೇಲು ಸ್ವಲ್ಪ ದೊಡ್ಡ, ಕೂರಿಸುವಾಗ ಬಿರಡೆ ಥರ ಬಿಗಿಯಾಗಿ ಇಳಿಯತ್ತೆ.

ಹಂತ 5: ಜೋಡಿಸಿ, ಆಮೇಲೆ ಗುರುತು ಹಾಕಿ

ಬಹಳ ಜನ ಚಿತ್ರದ ಕಾಗದವನ್ನೇ ಹಲಗೆಗೆ ಅಂಟಿಸಿ ಅದರ ಪ್ರಕಾರ ಗುಳಿ ತೋಡ್ತಾರೆ. ತಪ್ಪು. ಕೊಯ್ದ ತುಂಡು ಯಾವತ್ತೂ ಚಿತ್ರದಷ್ಟೇ ಇರಲ್ಲ, ಕೈ ಅಲ್ಲಿ ಇಲ್ಲಿ ಹೋಗಿರತ್ತೆ. ಮೊದ್ಲು ಎಲ್ಲಾ ತುಂಡನ್ನ ಪ್ಲಾಸ್ಟಿಕ್ ಹಾಳೆ ಮೇಲೆ ಜೋಡಿಸಿ, ಒಂದಕ್ಕೊಂದು ತಾಗೋ ಅಂಚಿಗೆ ಮಾತ್ರ ಅಂಟು ಹಚ್ಚಿ ಒಂದೇ ಗಣಪತಿ ಮಾಡ್ಕೊಳ್ಳಿ. ಒಣಗಿದ ಮೇಲೆ ಅದನ್ನ ಹಲಗೆ ಮೇಲೆ ಡಬಲ್ ಟೇಪಲ್ಲಿ ನಿಲ್ಲಿಸಿ, ಸುತ್ತ ಚಾಕುವಿಂದ ಗೀರಿ. ಪೆನ್ಸಿಲ್ ಬೇಡ, ಪೆನ್ಸಿಲ್ ಗೆರೆ ಅರ್ಧ ಮಿಲಿಮೀಟರ್ ದಪ್ಪ, ಅಷ್ಟೇ ಸಂದು ಆಮೇಲೆ ಕಣ್ಣಿಗೆ ಕುಕ್ಕತ್ತೆ. ಇಲಿ, ಮೋದಕ ದೂರ ಇದ್ರೆ ಅವಕ್ಕೆ ಬೇರೆ ಗುಳಿ.

ಹಂತ 6: ಗುಳಿ ತೋಡೋದು

ತುಂಡು 3 ಮಿಲಿಮೀಟರ್ ಇದ್ರೆ ಗುಳಿ ಎರಡೂವರೆ. ಅರ್ಧ ಮಿಲಿಮೀಟರ್ ತುಂಡು ಮೇಲೇ ಇರ್ಲಿ, ಆಮೇಲೆ ಉಜ್ಜಿ ಸಮ ಮಾಡಬಹುದು. ಗುಳಿ ಆಳ ಆಗಿ ತುಂಡು ಕೆಳಗೆ ಹೋದ್ರೆ ಇಡೀ ಹಲಗೆ ಉಜ್ಜಿ ಇಳಿಸ್ಬೇಕು, ಅದರಷ್ಟು ಬೇಜಾರಿನ ಕೆಲ್ಸ ಇನ್ನೊಂದಿಲ್ಲ.

ಚಾಕುವಿನ ಗೀರನ್ನ ಎರಡು ಮೂರು ಸಲ ಆಳ ಮಾಡಿ, ಅಲ್ಲಿಂದ ಒಳಗಡೆಗೆ ಉಳಿ ಹೊಡೀರಿ, ಎಳೆಗೆ ಅಡ್ಡ ಬರೋ ಕಡೆ ಮೊದ್ಲು ಕಡಿದು ಆಮೇಲೆ ಎಬ್ಬಿಸಿ, ಇಲ್ಲಾಂದ್ರೆ ಸಿಗುರು ಗೆರೆ ದಾಟಿ ಹಾರತ್ತೆ. ಮಧ್ಯದಿಂದ ಅಂಚಿಗೆ ಬನ್ನಿ. ಆಳ ನೋಡೋಕೆ ಒಂದು ಪಟ್ಟಿ ಮರಕ್ಕೆ ಎರಡೂವರೆ ಮಿಲಿಮೀಟರ್ ಮಾತ್ರ ಹೊರಗೆ ಚಾಚೋ ಹಾಗೆ ಸ್ಕ್ರೂ ಹಾಕಿ, ಗುಳಿ ಮೇಲೆ ಆಡಿಸಿ, ತಳ ಎಲ್ಲಿ ತಾಗತ್ತೋ ಅಲ್ಲಿ ಇನ್ನೂ ತೋಡ್ಬೇಕು. ಟ್ರಿಮ್ಮರ್ (ಮರ ಕೊರೆಯೋ ಸಣ್ಣ ಮಷೀನ್) ಇದ್ರೆ ಮಧ್ಯ ತೆಗೆಯೋಕೆ ಬಳಸಿ, ಅಂಚಿಗೆ ಮಾತ್ರ ಕೈಯೇ ಬೇಕು. ಉಳಿ ಮೊಂಡಾದ ತಕ್ಷಣ ಮಸೀರಿ. ಕೈಗೆ ಏಟಾಗೋದು ಚೂಪು ಉಳಿಯಿಂದ ಅಲ್ಲ, ಮೊಂಡು ಉಳಿಗೆ ಬಲ ಹಾಕಿದಾಗ. ಎಡಗೈ ಯಾವತ್ತೂ ಉಳಿಯ ಹಿಂದೆ.

ಅಂಟು ಹಾಕೋ ಮುಂಚೆ ಒಂದ್ಸಲ ಒಣದಾಗಿ ಇಟ್ಟು ನೋಡಿ, ಪೂರ್ತಿ ಒಳಗೆ ಒತ್ಬೇಡಿ, ತೆಗೆಯೋಕಾಗದೆ ಸಿಕ್ಕಾಕೊಂಡ್ರೆ ಕಷ್ಟ.

ಹಂತ 7: ಅಂಟು

ಹಿಂದೆ ಸರೇಸು ಕಾಯಿಸಿ ಹಚ್ತಿದ್ರು, ಪ್ರಾಣಿಗಳ ಚರ್ಮ ಮೂಳೆಯಿಂದ ಮಾಡೋ ಅಂಟು ಅದು. ಈಗ ಬಿಳಿ ಅಂಟು ಸಾಕು. ಗುಳಿ ತಳಕ್ಕೆ ತೆಳುವಾಗಿ ಹಚ್ಚಿ, ಜಾಸ್ತಿ ಆದ್ರೆ ಸಂದಿಂದ ಉಕ್ಕಿ ಮರದ ಎಳೆ ಒಳಗೆ ಕೂತ್ಕೊಂಡು ಆಮೇಲೆ ಪಾಲಿಶ್ ಹಿಡಿಯಲ್ಲ, ಅಲ್ಲಲ್ಲಿ ತೇಪೆ ಥರ ಕಾಣತ್ತೆ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸಮ ಹಲಗೆ, ಅದರ ಮೇಲೆ ಭಾರ. ಇಡೀ ಒಂದು ದಿನ ಮುಟ್ಬೇಡಿ, ಮಳೆಗಾಲದಲ್ಲಿ ಎರಡು ದಿನ.

ಸಂದು ಉಳಿದಿದ್ರೆ ಅದೇ ಹಲಗೆಯ ಸಣ್ಣ ಪುಡಿಗೆ ಅಂಟು ಕಲಸಿ ತುಂಬಿ. ಈ ಕಲಸಿದ್ದು ಒಣಗಿದ ಮೇಲೆ ಒಂದು ಮಟ್ಟ ಕಪ್ಪಾಗೇ ಕಾಣತ್ತೆ, ಬೀಟೆ ಮೇಲೆ ಗೊತ್ತಾಗಲ್ಲ, ತೇಗದ ಮೇಲೆ ಗೊತ್ತಾಗತ್ತೆ.

ಹಂತ 8: ಉಜ್ಜೋದು, ಎಲ್ಲಕ್ಕಿಂತ ದೊಡ್ಡ ಗಂಡಾಂತರ

ಇಲ್ಲೀವರೆಗೂ ಚೆನ್ನಾಗಿ ಬಂದು ಇಲ್ಲಿ ಕೆಡಿಸ್ಕೊಂಡು "ಹಾಲೆ ಮರ ಯಾಕೆ ರೋಸ್ ಕಲರ್ ಆಯ್ತು" ಅಂತ ಕೇಳೋರೇ ಜಾಸ್ತಿ. ಪಡೌಕ್ ಕೆಂಪು ಸ್ಪಿರಿಟಲ್ಲಿ ಕರಗತ್ತೆ. ಉಜ್ಜುವಾಗ ಅದರ ಧೂಳು ಬಿಳಿ ಮರದ ರಂಧ್ರಕ್ಕೆ ತುಂಬ್ಕೊಳ್ಳತ್ತೆ, ಮೇಲೆ ಸ್ಪಿರಿಟ್ ಪಾಲಿಶ್ ಬಿದ್ದ ತಕ್ಷಣ ಕುಂಕುಮ ನೀರಿಗೆ ಬಿದ್ದ ಹಾಗೆ ಹರಡತ್ತೆ. ಬೀಟೆ ಧೂಳು ಹೀಗೇ ಬಿಳಿನ ಮಂಕು ಮಾಡತ್ತೆ.

ತಪ್ಪಿಸೋದು ಹೀಗೆ. ಎದ್ದಿರೋ ಅರ್ಧ ಮಿಲಿಮೀಟರನ್ನ ಆದಷ್ಟು ಸ್ಕ್ರೇಪರ್‌ನಿಂದ ತೆಗೀರಿ. ಅದು ಅಂಚು ಹರಿತ ಮಾಡಿರೋ ತೆಳು ಉಕ್ಕಿನ ತಗಡು, ಸುರುಳಿ ಬರತ್ತೆ, ಧೂಳು ಕಮ್ಮಿ. ಆಮೇಲೆ ಬಿಳಿ ತುಂಡುಗಳ ಮೇಲೆ ಸಣ್ಣ ಬ್ರಷ್ಷಲ್ಲಿ ತೆಳು ಅರಗು (ಕರಗಿಸೋದು ಹೇಗೆ ಅಂತ ಒಂಬತ್ತನೇ ಹಂತದಲ್ಲಿದೆ) ಹಚ್ಚಿ ಒಣಗಿಸಿ, ರಂಧ್ರ ಮುಚ್ಚತ್ತೆ. ಆಮೇಲೆ 120, 220, 400, ಪ್ರತಿ ನಂಬರಿನ ನಡುವೆ ಧೂಳನ್ನ ಒಣ ಬ್ರಷ್ಷಲ್ಲಿ ತೆಗೀರಿ ಇಲ್ಲಾ ವ್ಯಾಕ್ಯೂಮ್ ಹಿಡೀರಿ. ಒದ್ದೆ ಬಟ್ಟೆ ಬೇಡ, ಸ್ಪಿರಿಟ್ ಬಟ್ಟೆ ಬೇಡವೇ ಬೇಡ. ಉಪ್ಪುಕಾಗದನ ಬೆರಳಲ್ಲಿ ಹಿಡಿದು ಉಜ್ಬೇಡಿ, ಮೆತ್ತನೆ ಮರ ಬೇಗ ಸವೆದು ಗುಂಡಿ ಬೀಳತ್ತೆ. ಒಂದು ಮರದ ದಿಮ್ಮಿಗೆ ಸುತ್ತಿ ಉಜ್ಜಿ.

ಹಂತ 9: ಗೀರು ಮತ್ತು ಪಾಲಿಶ್

ಮೊದ್ಲು ಅರಗು ಕರಗಿಸ್ಕೊಳ್ಳಿ. 200 ಮಿಲಿಲೀಟರ್ ಸ್ಪಿರಿಟ್‌ಗೆ 30 ಗ್ರಾಮ್ ಚಕ್ಕೆ, ಗಾಜಿನ ಬಾಟಲಲ್ಲಿ ರಾತ್ರಿಯಿಡೀ ಬಿಟ್ಟು ಸೋಸಿ. ಎಂಟನೇ ಹಂತದ ಬಿಳಿ ತುಂಡಿಗೂ ಇದೇ, ಇನ್ನಷ್ಟು ಸ್ಪಿರಿಟ್ ಬೆರೆಸಿ. ಸ್ಪಿರಿಟ್ ಬೇಗ ಹೊತ್ಕೊಳ್ಳತ್ತೆ, ದೇವರ ಮನೆ ದೀಪ, ಅಡುಗೆ ಮನೆ ಸ್ಟವ್ ಹತ್ರ ಈ ಕೆಲ್ಸ ಇಟ್ಕೋಬೇಡಿ.

ಪೂರ್ತಿ ಹಲಗೆಗೆ ಒಂದು ತೆಳು ಕೋಟ್. ಈಗ ಬೆರಳು, ಉದರಬಂಧ (ಹೊಟ್ಟೆ ಸುತ್ತ ಕಟ್ಟೋ ಪಟ್ಟಿ), ಪಂಚೆ ನೆರಿಗೆ, ಕಿವಿ ಅಂಚು ಇವನ್ನ ಚೂಪು ಮೊನೆಯಿಂದ ಗೀರಿ, ಗೀರಿಗೆ ಕಪ್ಪು ತುಂಬಿ, ಮೇಲ್ಮೈ ಒರೆಸಿಬಿಡಿ. ಬರಿ ಮರದ ಮೇಲೆ ಕಪ್ಪು ಹಾಕಿದ್ರೆ ಎಳೆ ಹಿಡಿದು ಓಡಿ ಜೇಡರ ಬಲೆ ಆಗತ್ತೆ, ಅದಕ್ಕೇ ಆ ಮೊದಲ ಕೋಟು. ತುಂಬೋ ಕಪ್ಪು ನೀರಿನಲ್ಲಿ ಮಾಡಿದ ಇಂಕ್ ಆಗಿರ್ಲಿ, ಸ್ಪಿರಿಟ್ ಮಾರ್ಕರ್ ಆದ್ರೆ ಮೇಲಿನ ಕೋಟಿಗೆ ಕಲಸಿ ಹೋಗತ್ತೆ.

ಆಮೇಲೆ ಹತ್ತಿ ಉಂಡೇನ ಹಳೇ ಕಾಟನ್ ಬಟ್ಟೇಲಿ ಸುತ್ತಿ, ಅರಗಲ್ಲಿ ಅದ್ದಿ ಹಿಂಡಿ, ತೆಳುವಾಗಿ, ನಿಲ್ಲಿಸದೆ, ಉದ್ದುದ್ದ ಎಳೀರಿ. ಒಂದೇ ಕಡೆ ಎರಡು ಸಲ ತಕ್ಷಣ ಹೋಗ್ಬೇಡಿ, ಹಳೇ ಕೋಟ್ ಎದ್ದು ಬರತ್ತೆ. ಎಂಟು ಹತ್ತು ಕೋಟ್ ಬೇಕು, ಅವಸರ ಮಾಡೋರು ಮೂರಕ್ಕೇ ನಿಲ್ಲಿಸ್ತಾರೆ. ಜೋರು ಮಳೆ ದಿನ ಹಚ್ಚಿದ್ರೆ ತೇವ ಸಿಕ್ಕಾಕೊಂಡು ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗತ್ತೆ, ಒಣ ಹವೆಗೆ ಕಾಯಿರಿ.

ಕಣ್ಣು ಕೊನೆಗೆ. ಮೂರ್ತಿ ಮಾಡೋರು ನೇತ್ರೋನ್ಮೀಲನ ಅಂತ ಕಣ್ಣನ್ನ ಕಟ್ಟಕಡೆಗೆ ತೆರೀತಾರೆ, ನಮಗೆ ಅದರ ಜೊತೆ ಇನ್ನೊಂದು ಕಾರಣನೂ ಇದೆ, ಮುಂಚೆನೇ ಬರೆದ್ರೆ ಉಜ್ಜುವಾಗ ಅಳಿಸೋಗತ್ತೆ. ಕೊನೆಯ ಎರಡು ಕೋಟ್ ಬಾಕಿ ಇರುವಾಗ ಬರೀರಿ. ಚೂರು ಮರದ ಮೇಲೆ ಇಪ್ಪತ್ತು ಸಲ ಅಭ್ಯಾಸ ಮಾಡಿ ಆಮೇಲೆ ಕೈ ಇಡಿ, ಎರಡೂ ಕಣ್ಣು ಒಂದೇ ಕೂತಲ್ಲಿ ಮುಗಿಸಿ.

ಮುಗಿದ ಮೇಲೆ

ಬಿಸಿಲು ನೇರ ಬೀಳೋ ಗೋಡೆ, ಬಚ್ಚಲಿಗೆ ತಾಗಿರೋ ಗೋಡೆ ಎರಡೂ ಬೇಡ. ಒದ್ದೆ ಬಟ್ಟೆ, ಸೋಪು, ಕೊಬ್ಬರಿ ಎಣ್ಣೆ ಯಾವ್ದೂ ಬೇಡ, ಒಣ ಮೆತ್ತನೆ ಬಟ್ಟೆ ಸಾಕು. ಬೀಟೇಲಿ ಮಾಡಿ ವಿದೇಶದಲ್ಲಿರೋ ಮಕ್ಕಳಿಗೆ ಕಳಿಸ್ಬೇಕು ಅನ್ನೋರಿಗೆ: ಬೀಟೆ 2017ರಿಂದ ಸೈಟಿಸ್ ಅನ್ನೋ, ಅಪಾಯದಲ್ಲಿರೋ ಗಿಡಮರ ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟೀಲಿದೆ, ಒಂದು ಪಾರ್ಸೆಲ್‌ನಲ್ಲಿ ಆ ಮರ 10 ಕಿಲೋ ಒಳಗಿರೋ ಸಿದ್ಧವಸ್ತುಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿದೆ, ನಮ್ಮ ಪುಟ್ಟ ಹಲಗೆ ಅದರೊಳಗೇ ಬರತ್ತೆ. ಆದ್ರೂ ಮರದ ಬಿಲ್ ಜೋಪಾನವಾಗಿಟ್ಕೊಳ್ಳಿ.

ಪೂಜೆಗೆ ಇಡೋರು ಕುಂಕುಮ ಅರಿಶಿನನ ನೇರ ಮರಕ್ಕೆ ಹಚ್ಬೇಡಿ, ಅದರಲ್ಲೂ ಹಾಲೆ ಮರದ ದಂತದ ಮೇಲೆ ಬಿದ್ರೆ ಹೋಗೋದೇ ಇಲ್ಲ. ಚೌಕಟ್ಟಿಗೆ ಒಂದು ಗಾಜು ಹಾಕಿಸಿ ಅದರ ಮೇಲೆ ಇಡಿ, ದೀಪದ ಮಸಿಯೂ ಗಾಜಿಗೇ ಹಿಡಿಯತ್ತೆ.